ಕಂಬಕಳ್ಳಿಗೆ ಏನಾಗಿದೆ? ಮಳೆಯ ಊರಿನವರಿಗೆ ದೋಷ ನಿವಾರಣೆ ಕೈಪಿಡಿ

ಕಂಬದ ಹಾಗೆ ನೆಟ್ಟಗೆ ಬೆಳೆಯುವ ಕಳ್ಳಿಗಳ ಬಗ್ಗೆ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಚಳಿಯದ್ದೇ ಮಾತು. ಹಿಮ ಬಿದ್ದರೆ ಏನು ಮಾಡಬೇಕು, ಸುಳಿಗೆ ಏನು ಹೊದಿಸಬೇಕು, ಯಾವ ಜಾತಿ ಎಷ್ಟು ಡಿಗ್ರಿ ತಡೆಯುತ್ತದೆ. ಬರೆಯುವವರು ಇಂಗ್ಲೆಂಡಿನವರೋ ಟೆಕ್ಸಾಸಿನವರೋ ಆಗಿರುತ್ತಾರೆ, ಅವರ ಕಷ್ಟ ಅವರಿಗೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಷ್ಟು ಚಳಿಗೆ ಸಾಯುವ ಕಂಬಕಳ್ಳಿ ಬಹಳ ಕಡಿಮೆ.

ನಮ್ಮಲ್ಲಿ ಗಿಡ ಸಾಯುವುದು ಮಳೆಗಾಲದಲ್ಲಿ. ಸಗ್ವಾರೋ ಅನ್ನುವ ದೈತ್ಯ ಕಂಬಕಳ್ಳಿಯ ತವರಾದ ಅಮೆರಿಕದ ಅರಿಜೋನಾದ ಟೂಸಾನ್ ಸುತ್ತ ವರ್ಷಕ್ಕೆ ಸುಮಾರು 300 ಮಿ.ಮೀ. ಮಳೆ. ಬೆಂಗಳೂರಿಗೆ ಅದರ ಮೂರು ಪಟ್ಟು. ಮಂಗಳೂರಿನಲ್ಲಿ ಮೂರೂವರೆ ಸಾವಿರ ದಾಟುತ್ತದೆ, ಆಗುಂಬೆಯಲ್ಲಿ ಏಳು ಸಾವಿರ. ಹಾಗಂತ ಬರೀ ಪ್ರಮಾಣ ನೋಡಿ ಹೆದರಬೇಕಾಗಿಲ್ಲ. ಟೂಸಾನ್‌ನಲ್ಲೂ ಬೇಸಿಗೆಯಲ್ಲಿ ಜೋರು ಮಳೆ ಬರುತ್ತದೆ, ಆದರೆ ಸುರಿದ ಮೇಲೆ ಮೋಡ ಸರಿದು ಬಿಸಿಲು ಬೀಳುತ್ತದೆ. ನಮ್ಮಲ್ಲಿ ಆರಿದ್ರ ಮಳೆ ಹಿಡಿದರೆ ಪುಷ್ಯ ಮುಗಿಯುವ ತನಕ ಎಷ್ಟೋ ಕಡೆ ಸರಿಯಾಗಿ ಬಿಸಿಲೇ ಇರುವುದಿಲ್ಲ. ನೆಲ ಒದ್ದೆ, ಬೆಳಕು ಕಡಿಮೆ, ಎರಡೂ ಒಟ್ಟಿಗೆ. ಕಳ್ಳಿಗೆ ಇದೇ ಕಷ್ಟ.

ಇನ್ನೊಂದು ವಿಷಯ. ಕಳ್ಳಿ ತನ್ನ ಕಷ್ಟವನ್ನು ತಡವಾಗಿ ತೋರಿಸುತ್ತದೆ. ಟೊಮೆಟೊ ಗಿಡಕ್ಕೆ ಬೇರು ಕೊಳೆತರೆ ಒಂದೆರಡು ದಿನದಲ್ಲಿ ಎಲೆ ಬಾಡುತ್ತದೆ. ಕಂಬಕಳ್ಳಿಗೆ ಬಾಡಲು ಎಲೆಯೇ ಇಲ್ಲ, ಕಾಂಡದ ತುಂಬ ನೀರಿದೆ. ಬೇರು ಪೂರಾ ಹೋದ ಮೇಲೂ ವಾರಗಟ್ಟಲೆ ಹಸಿರಾಗಿ ನಿಂತಿರುತ್ತದೆ. ಆಗಸ್ಟ್‌ನಲ್ಲಿ ಕಣ್ಣಿಗೆ ಬಿದ್ದ ಕೊಳೆ ಜುಲೈನಲ್ಲೇ ಶುರುವಾದದ್ದು. ಏಪ್ರಿಲ್ ಗಾಳಿಗೆ ಮುರಿದ ಕಂಬ ದುರ್ಬಲವಾದದ್ದು ಹಿಂದಿನ ಮಳೆಗಾಲದಲ್ಲಿ. ಅದಕ್ಕೇ ಇಲ್ಲಿನ ದೋಷ ಹುಡುಕುವಾಗ ಇವತ್ತು ಏನಾಯ್ತು ಅಂತ ಕೇಳುವುದಕ್ಕಿಂತ, ಹಿಂದಿನ ಒಂದೆರಡು ತಿಂಗಳಲ್ಲಿ ಏನಾಗಿತ್ತು ಅಂತ ಕೇಳುವುದೇ ಹೆಚ್ಚು ಉಪಯೋಗ. ಯಾವಾಗ ಜಾಗ ಬದಲಿಸಿದ್ದು, ಯಾವಾಗ ಗೊಬ್ಬರ ಹಾಕಿದ್ದು, ಎಂದಿನಿಂದ ಬಿಸಿಲಿಲ್ಲ, ಇವನ್ನು ನೆನಪು ಮಾಡಿಕೊಳ್ಳಿ. ಕುಂಡದ ಮೇಲೆ ನೆಟ್ಟ ತಿಂಗಳು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಔಷಧಿ ತರುವ ಮುಂಚೆ

ಮೊದಲು, ಅದು ನಿಜವಾಗಲೂ ಕ್ಯಾಕ್ಟಸ್ಸೇ ಅಂತ ಖಚಿತ ಮಾಡಿಕೊಳ್ಳಿ. ನರ್ಸರಿಗಳಲ್ಲಿ ಕಂಬದ ಹಾಗಿರುವ ಯೂಫೋರ್ಬಿಯಾಗಳನ್ನೂ ಕ್ಯಾಕ್ಟಸ್ ಅಂತಲೇ ಮಾರುತ್ತಾರೆ. ಸೂಜಿಯಿಂದ ಮೆಲ್ಲಗೆ ಚುಚ್ಚಿ ನೋಡಿ. ಬಿಳಿ ಹಾಲು ಒಸರಿದರೆ ಯೂಫೋರ್ಬಿಯಾ. ಆ ಹಾಲು ಕಣ್ಣಿಗೆ ತಾಗಿದರೆ ಬಹಳ ತೊಂದರೆ, ಕೈ ತೊಳೆಯದೆ ಮುಖ ಮುಟ್ಟಬೇಡಿ. ಕಂಬಕಳ್ಳಿಯಲ್ಲಿ ಹಾಲು ಬರುವುದಿಲ್ಲ. ಮುಳ್ಳು ಹುಟ್ಟುವ ಜಾಗದಲ್ಲಿ ಹತ್ತಿಯ ಉಂಡೆಯಂಥ ಚಿಕ್ಕ ಗುಬುಟು ಇರುತ್ತದೆ, ಯೂಫೋರ್ಬಿಯಾಗೆ ಅದು ಇರುವುದಿಲ್ಲ. ಯೂಫೋರ್ಬಿಯಾ ಜಾತಿಗಳಲ್ಲಿ ಎಷ್ಟೋ ನಮ್ಮ ನೆಲದವೇ, ಬೇಲಿಯಲ್ಲಿ ತಾವಾಗಿ ಬೆಳೆಯುತ್ತವೆ. ಅವಕ್ಕೆ ಮುಂದೆ ಹೇಳುವ ಆರೈಕೆ ಅಷ್ಟೊಂದು ಬೇಕಾಗಿಲ್ಲ.

ಆಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಮುಳ್ಳು ಜಾಸ್ತಿ ಇದ್ದರೆ ಪೆನ್ಸಿಲ್ಲಿನ ಹಿಂತುದಿ ಸಾಕು. ಬುಡದಿಂದ ಶುರು ಮಾಡಿ ಸುಳಿಯ ತನಕ, ನಾಲ್ಕೂ ಕಡೆ. ಬಣ್ಣ ಏನೇ ಆಗಿರಲಿ, ಗಟ್ಟಿಯಾಗಿ ಒಣಗಿದ್ದರೆ ಸಾಮಾನ್ಯವಾಗಿ ಅವಸರವಿಲ್ಲ. ಮೆತ್ತಗಿದ್ದರೆ ಅವತ್ತೇ ಕೆಲಸ ಶುರು ಮಾಡಬೇಕು. ಕಂದು ಬಣ್ಣ ಕಂಡ ಕೂಡಲೇ ಎದೆ ಒಡೆದುಕೊಳ್ಳುವವರು ತುಂಬ ಜನ. ಸೀರಿಯಸ್ (Cereus), ಮಿರ್ಟಿಲೋಕ್ಯಾಕ್ಟಸ್‌ನಂಥ ಕಂಬಕಳ್ಳಿಗಳಿಗೆ ವಯಸ್ಸಾದಾಗ ಬುಡ ಕಂದು ತೊಗಟೆಯಾಗುವುದು ಸಹಜ. ಅಷ್ಟು ಭಾರ ಹೊರಬೇಕಲ್ಲ. ತೊಗಟೆ ನೆಲದಿಂದ ಮೇಲಕ್ಕೆ, ವರ್ಷಗಟ್ಟಲೆ ಸಮಯ ತೆಗೆದುಕೊಂಡು ಏರುತ್ತದೆ, ಒತ್ತಿದರೆ ಮರದ ಹಾಗಿರುತ್ತದೆ. ಅದಕ್ಕೆ ಔಷಧಿ ಹೊಡೆಯುವುದು ದುಡ್ಡು ದಂಡ.

ಬುಡ ಮೆತ್ತಗಾಗಿದೆ, ಅಥವಾ ಕಂಬ ವಾಲಿದೆ

ಇದು ಮಳೆಗಾಲದ ಮುಖ್ಯ ಕಾಯಿಲೆ. ಬುಡದ ಬಣ್ಣ ಹಳದಿ ಮಿಶ್ರಿತ ಕಂದಿಗೆ ತಿರುಗುತ್ತದೆ, ಒತ್ತಿದರೆ ಒಳಗೆ ಹೋಗುತ್ತದೆ, ಕೆಲವೊಮ್ಮೆ ಕಪ್ಪು ನೀರು ಒಸರುತ್ತದೆ. ಮೂಗಿಗೂ ಕೆಲಸ ಕೊಡಿ. ಕೆಟ್ಟ ನಾತ ಇದ್ದು, ಒಳಗಿನ ತಿರುಳು ನೀರುನೀರಾಗಿದ್ದರೆ ಹೆಚ್ಚಾಗಿ ಬ್ಯಾಕ್ಟೀರಿಯಾ. ಅದು ಬಹಳ ಬೇಗ ಹರಡುತ್ತದೆ. ನಾತ ಅಷ್ಟಿಲ್ಲದೆ ಬುಡದಿಂದ ನಿಧಾನವಾಗಿ ಕಂದು ಬಣ್ಣ ಏರುತ್ತಿದ್ದರೆ ಫೈಟೊಫ್ಥೊರಾ ಅಥವಾ ಫ್ಯೂಸೇರಿಯಂ ಅನ್ನುವ, ಬೂಷ್ಟಿನಂಥ ರೋಗಾಣು ಇರಬಹುದು. ಮಲೆನಾಡಿನವರಿಗೆ ಫೈಟೊಫ್ಥೊರಾ ಹೊಸದಲ್ಲ. ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲ. ಅಡಿಕೆ ತೋಟದ ಅಂಚಿನಲ್ಲಿ ಕಳ್ಳಿ ನೆಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಬುಡ ಮೆತ್ತಗಾದ ಗಿಡದ ಬುಡವನ್ನು ಉಳಿಸಲು ಹೋಗಬೇಡಿ. ಶಿಲೀಂಧ್ರನಾಶಕ ಸುರಿದರೆ ಕೊಳೆತ ತಿರುಳು ವಾಪಸ್ ಬರುವುದಿಲ್ಲ. ಸುರಿದ ನೀರು ಇನ್ನಷ್ಟು ಒದ್ದೆ ಮಾಡುತ್ತದೆ, ಅಷ್ಟೇ. ಉಳಿಸಬೇಕಾದ್ದು ಮೇಲಿನ ಭಾಗವನ್ನು. ಕತ್ತರಿಸಬೇಕು, ಅದೂ ಅವತ್ತೇ. ಮಳೆ ನಿಲ್ಲಲಿ, ಭಾನುವಾರ ನೋಡೋಣ ಅಂದರೆ ಆಗುವುದಿಲ್ಲ.

ಉದ್ದನೆಯ ಹರಿತವಾದ ಚಾಕು, ಸ್ಪಿರಿಟ್ ಮತ್ತು ಹಳೆಯ ಬಟ್ಟೆ ಇಟ್ಟುಕೊಳ್ಳಿ. ಎತ್ತರದ ಕಂಬವಾದರೆ ಮೇಲಿನ ಭಾಗವನ್ನು ಹಿಡಿಯಲು ಇನ್ನೊಬ್ಬರು ಬೇಕು. ಮಡಚಿದ ಗೋಣಿಚೀಲ ಸುತ್ತಿ ಹಿಡಿದರೆ ಮುಳ್ಳು ಚುಚ್ಚುವುದಿಲ್ಲ. ಮೆತ್ತಗಿನ ಭಾಗಕ್ಕಿಂತ ಒಂದು ಗೇಣು ಮೇಲೆ ಮೊದಲ ಕೊಯ್ತ ಹಾಕಿ. ಕತ್ತರಿಸಿದ ಮುಖದ ನಡುವೆ ಒಂದು ಉಂಗುರ ಕಾಣುತ್ತದೆ, ನೀರು ಸಾಗುವ ನಾಳಗಳು ಅಲ್ಲಿವೆ. ಸುತ್ತಲಿನ ತಿರುಳು ಎಷ್ಟೇ ಶುಭ್ರವಾಗಿರಲಿ, ಈ ಉಂಗುರದಲ್ಲಿ ಕಿತ್ತಳೆ ಅಥವಾ ಕಂದು ಚುಕ್ಕೆ ಒಂದೇ ಒಂದು ಇದ್ದರೂ ಕೊಳೆ ಇನ್ನೂ ಮೇಲಿದೆ ಅಂತ ಅರ್ಥ. ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ, ಎರಡು ಬೆರಳಿನಷ್ಟು ಮೇಲೆ ಮತ್ತೆ ಕತ್ತರಿಸಿ. ಪ್ರತಿ ಕೊಯ್ತಕ್ಕೂ ಒರೆಸಬೇಕು. ಇಲ್ಲದಿದ್ದರೆ ರೋಗವನ್ನು ನೀವೇ ಮೇಲಕ್ಕೆ ಒಯ್ಯುತ್ತೀರಿ. ಉಂಗುರ ಪೂರಾ ಬಿಳಿ ಅಥವಾ ತಿಳಿ ಹಸಿರಾಗಿ ಕಾಣುವ ತನಕ ಹೀಗೇ ಮುಂದುವರಿಯಬೇಕು. ಆರಡಿ ಕಂಬದಲ್ಲಿ ಒಂದಡಿ ಉಳಿದರೂ ಸರಿ.

ಕೊನೆಗೆ ಅಂಚಿನ ಏಣುಗಳನ್ನು ಓರೆಯಾಗಿ ಸವರಿ. ಒಣಗುವಾಗ ನಡುವಿನ ತಿರುಳು ಒಳಕ್ಕೆ ಕುಗ್ಗುತ್ತದೆ, ಹೊರಗಿನ ಸಿಪ್ಪೆ ಕುಗ್ಗುವುದಿಲ್ಲ. ಓರೆ ಮಾಡದಿದ್ದರೆ ಬುಡ ಬಟ್ಟಲಿನ ಹಾಗೆ ಗುಳಿಯಾಗಿ ಅಲ್ಲಿ ತೇವ ನಿಲ್ಲುತ್ತದೆ. ಗಾಯಕ್ಕೆ ಗಂಧಕದ ಪುಡಿ ಅಥವಾ ಕಾಪರ್ ಆಕ್ಸಿಕ್ಲೋರೈಡ್ ಪುಡಿ ತೆಳ್ಳಗೆ ಉದುರಿಸಿ. ಅರಿಸಿನ ಹಚ್ಚುವವರೂ ಇದ್ದಾರೆ. ನನ್ನ ಪ್ರಕಾರ ಗಾಯ ಬೇಗ ಒಣಗುವುದು ಗಾಳಿಯಿಂದಲೇ, ಪುಡಿಯ ಪಾಲು ಕಡಿಮೆ. ಮಳೆಗಾಲದಲ್ಲಿ ಮನೆಯೊಳಗೆ, ಫ್ಯಾನಿನ ಗಾಳಿ ತಾಗುವ ಕಡೆ ಇಡಿ. ಖಾಲಿ ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ. ಮಲಗಿಸಿದರೆ ಸುಳಿ ಬೆಳಕಿನ ಕಡೆ ಬಾಗುತ್ತದೆ, ಪಕ್ಕೆಯಲ್ಲಿ ಬೇರು ಬರುತ್ತದೆ. ಹೆಬ್ಬೆರಳಿನ ದಪ್ಪದ ತುಂಡಿಗೆ ಒಂದು ವಾರ ಸಾಕು. ತೋಳಿನ ದಪ್ಪದ್ದಕ್ಕೆ ಮೂರು ನಾಲ್ಕು ವಾರ, ಗಾಳಿ ತೇವವಾಗಿದ್ದರೆ ಇನ್ನೂ ಹೆಚ್ಚು ಬೇಕು. ಮುಖ ಚರ್ಮದ ಹಾಗೆ ಗಟ್ಟಿಯಾದ ಮೇಲೆ ಒಣಗಿದ ಮಣ್ಣಿನಲ್ಲಿ ನಿಲ್ಲಿಸಿ. ಬೇರು ಬಂದದ್ದು ಗೊತ್ತಾಗುವ ತನಕ ನೀರು ಬೇಡ. ತುಂಡು ಸ್ವಲ್ಪ ಸುಕ್ಕಾಗುತ್ತದೆ, ಆಗಲಿ.

ಕೊಳೆತ ಬುಡವನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಆ ಮಣ್ಣನ್ನು ಇನ್ನೊಂದು ಕಳ್ಳಿಗೆ ಬಳಸಬೇಡಿ.

ಕಾರಣ ಹುಡುಕುವುದು: ಮಣ್ಣು

ಬುಡ ಕೊಳೆತ ಗಿಡವನ್ನು ಕಿತ್ತಾಗ ಬೇರಿನ ಗಡ್ಡೆಯನ್ನು ನೋಡದೆ ಎಸೆಯಬೇಡಿ. ಕಾರಣ ಸಿಗುವುದು ಅಲ್ಲೇ. ನರ್ಸರಿಯಿಂದ ತಂದ ಗಿಡವಾದರೆ ನಡುವೆ ಕೋಕೋಪಿಟ್ಟಿನ (ತೆಂಗಿನ ನಾರಿನ ಪುಡಿಯ) ಒಂದು ಗಟ್ಟಿ ಉಂಡೆ ಇರುವುದು ತೀರ ಸಾಮಾನ್ಯ. ಸುತ್ತ ನೀವು ಎಷ್ಟು ಚೆನ್ನಾದ ಮಣ್ಣು ಹಾಕಿದ್ದರೂ ಆ ಉಂಡೆ ಮಾತ್ರ ಹದಿನೈದು ದಿನ ಒದ್ದೆ ಹಿಡಿದುಕೊಂಡಿರುತ್ತದೆ. ಹೊಸ ಗಿಡ ತಂದ ಕೂಡಲೇ ಬೇರಿನಿಂದ ಕೋಕೋಪಿಟ್ ಪೂರಾ ಬಿಡಿಸಿ, ಬೇರನ್ನು ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ, ಆಮೇಲೆ ನೆಡಿ.

ಎರಡನೆಯ ಕಾರಣ ನುಣುಪು ಪುಡಿ. ಮರಳು ಬೆರೆಸಿ ಅಂತ ಎಲ್ಲರೂ ಹೇಳುತ್ತಾರೆ, ಯಾವ ಮರಳು ಅಂತ ಯಾರೂ ಹೇಳುವುದಿಲ್ಲ. ಎಂ-ಸ್ಯಾಂಡ್‌ನಲ್ಲಿ ಕಲ್ಲಿನ ಹಿಟ್ಟು ಬಹಳ. ಅದನ್ನು ಹಾಗೇ ಕೆಂಪು ಮಣ್ಣಿಗೆ ಬೆರೆಸಿದರೆ ಎರಡು ಮಳೆಗೆ ಗಾರೆಯಾಗುತ್ತದೆ. ಜರಡಿ ಹಿಡಿದು, ತೊಳೆದು, ಜರಡಿ ಮೇಲೆ ನಿಂತದ್ದನ್ನು ಮಾತ್ರ ಬಳಸಿ. ನನ್ನ ಆಯ್ಕೆ ಅದಕ್ಕಿಂತ ಸುಲಭ. ತೊಳೆದ ಸಣ್ಣ ಜಲ್ಲಿ, ಒಡೆದ ಹೆಂಚಿನ ಅಥವಾ ಇಟ್ಟಿಗೆಯ ಚೂರು, ಇದ್ದಿಲಿನ ಚೂರು, ಇವೆಲ್ಲ ಸೇರಿ ಮೂರು ಪಾಲು. ಕೆಂಪು ಮಣ್ಣು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಸೇರಿ ಒಂದು ಪಾಲು. ಮಲೆನಾಡಾದರೆ ಆ ಒಂದು ಪಾಲನ್ನೂ ಕಡಿಮೆ ಮಾಡಿ. ಚಳ್ಳಕೆರೆಯಂಥ ಒಣ ಸೀಮೆಯಲ್ಲಿ ಅರ್ಧಕ್ಕರ್ಧ ಮಣ್ಣಿದ್ದರೂ ನಡೆಯುತ್ತದೆ. ಮನೆ ಕೆಡವಿದ ಗಾರೆ ಚೂರು ಬೇಡ, ಸುಣ್ಣ ಬಿಟ್ಟು ಮಣ್ಣು ಕ್ಷಾರವಾಗುತ್ತದೆ.

ನೆಲದಲ್ಲಿ ನೆಡುವವರು ಮೊದಲು ಒಂದಡಿ ಆಳದ ಗುಂಡಿ ತೆಗೆದು ಅದರ ತುಂಬ ನೀರು ಸುರಿಯಿರಿ. ಇಳಿದ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಒಂದೆರಡು ಗಂಟೆಯಲ್ಲಿ ಇಳಿದರೆ ಆ ಜಾಗ ಪರವಾಗಿಲ್ಲ. ಮರುದಿನವೂ ನಿಂತಿದ್ದರೆ ಅಲ್ಲಿ ಗುಂಡಿ ತೋಡಿ ನೆಡಲೇಬಾರದು. ಧಾರವಾಡ, ಗದಗ ಕಡೆಯ ಎರೆಮಣ್ಣಿನಲ್ಲಿ ಹೆಚ್ಚಾಗಿ ಹೀಗೇ ಆಗುತ್ತದೆ. ಅಂಥಲ್ಲಿ ಗುಂಡಿ ತೋಡಿ ಅದರೊಳಗೆ ಮಾತ್ರ ಜಲ್ಲಿ ತುಂಬಿಸುವುದು ಇನ್ನೂ ಕೆಟ್ಟದ್ದು. ಸುತ್ತಲಿನ ನೀರೆಲ್ಲ ಬಂದು ಆ ಗುಂಡಿಯಲ್ಲೇ ನಿಲ್ಲುತ್ತದೆ. ನೆಲದ ಮೇಲೆ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಸುತ್ತ ಸೈಜುಗಲ್ಲು ಜೋಡಿಸಿ, ಅದರ ಮೇಲೆ ನೆಡಿ. ಬುಡದ ಸುತ್ತ ನಾಲ್ಕು ಬೆರಳು ಜಲ್ಲಿಯ ಪಟ್ಟಿ ಇರಲಿ. ಮಳೆ ಹನಿ ಮಣ್ಣನ್ನು ಕಾಂಡಕ್ಕೆ ಸಿಡಿಸುವುದೂ ಅದರಿಂದ ನಿಲ್ಲುತ್ತದೆ.

ಎಲ್ಲ ಸರಿಯಿದ್ದೂ ಒಂದೇ ಗಿಡ ಕೊಳೆತಿದೆ ಅಂದರೆ ಮೇಲೆ ನೋಡಿ. ಸೂರಿನ ನೀರು, ಟೆರೇಸಿನ ಪೈಪು, ಎಸಿಯ ಪೈಪು. ಎಸಿ ನೀರು ಬೇಸಿಗೆಯಲ್ಲೂ ಹನಿಯುತ್ತಿರುತ್ತದೆ, ಯಾರಿಗೂ ಅದರ ಮೇಲೆ ಅನುಮಾನ ಬರುವುದಿಲ್ಲ.

ಒಂದೇ ಮಗ್ಗುಲು ಬಿಳಿಚಿದೆ

ಹಳದಿ ಅಥವಾ ಬಿಳಿ ಪಟ್ಟಿ, ಮುಟ್ಟಿದರೆ ಗಟ್ಟಿ, ಒಂದೇ ದಿಕ್ಕಿನ ಏಣುಗಳ ಮೇಲೆ ಮಾತ್ರ. ಇದು ಬಿಸಿಲಿನ ಸುಡು. ಆಮೇಲೆ ಅದು ಕಾಗದದ ಹಾಗೆ ಒಣಗಿ ಕಂದಾಗುತ್ತದೆ, ಹಸಿರು ಬಣ್ಣ ವಾಪಸ್ ಬರುವುದಿಲ್ಲ. ಗಿಡ ಮಾತ್ರ ಸಾಯುವುದಿಲ್ಲ.

ಎರಡು ಸಲ ಇದು ಹೆಚ್ಚು. ಒಂದು, ನರ್ಸರಿಯ ಹಸಿರು ನೆಟ್ಟಿನ ಕೆಳಗಿದ್ದ ಗಿಡವನ್ನು ಮಾರ್ಚ್‌ನಲ್ಲಿ ತಂದು ನೇರವಾಗಿ ಟೆರೇಸಿನ ಮೇಲೆ ಇಟ್ಟಾಗ. ಇನ್ನೊಂದು, ಮಳೆಗಾಲವೆಲ್ಲ ಮೋಡದಡಿ ಬೆಳೆದ ಎಳೆ ಭಾಗಕ್ಕೆ ಅಕ್ಟೋಬರ್ ಕೊನೆಯಲ್ಲಿ ದಿಢೀರನೆ ಚುರುಕು ಬಿಸಿಲು ಬಿದ್ದಾಗ. ಎರಡನೆಯದನ್ನು ಜನ ರೋಗ ಅಂದುಕೊಳ್ಳುತ್ತಾರೆ, ಯಾಕೆಂದರೆ ಗಿಡವನ್ನು ಯಾರೂ ಅಲ್ಲಾಡಿಸಿರುವುದಿಲ್ಲ.

ದಿಕ್ಕಿನ ವಿಷಯದಲ್ಲಿ ಹೊರದೇಶದ ಸಲಹೆ ನಮಗೆ ಸರಿಹೋಗುವುದಿಲ್ಲ. ಗಿಡದ ದಕ್ಷಿಣದ ಮಗ್ಗುಲನ್ನು ಕಾಪಾಡಿ ಅಂತ ಅವರು ಬರೆಯುತ್ತಾರೆ. ಬೆಂಗಳೂರಿನಲ್ಲಿ ನೆರಳಿಲ್ಲದ ದಿನ, ಅಂದರೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತದೆ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ. ಚಳಿಗಾಲದಲ್ಲಿ ನೆರಳಲ್ಲಿದ್ದ ಉತ್ತರದ ಮಗ್ಗುಲಿಗೆ ಮೇ ತಿಂಗಳಲ್ಲಿ ನೇರ ಬಿಸಿಲು. ಅದರ ಮೇಲೆ ಸಂಜೆಯ ಪಶ್ಚಿಮದ ಬಿಸಿಲು, ಕಾದ ಗೋಡೆಯ ಝಳ. ಆದ್ದರಿಂದ ಗಿಡ ಕೊಳ್ಳುವಾಗಲೇ ಕುಂಡದ ಮೇಲೆ ಉತ್ತರ ದಿಕ್ಕಿಗೆ ಮಾರ್ಕರಿನಲ್ಲಿ ಗುರುತು ಹಾಕಿ, ಮನೆಯಲ್ಲೂ ಅದೇ ದಿಕ್ಕಿಗೆ ಇಡಿ. ಮೊದಲ ಬೇಸಿಗೆಗೆ ಅರ್ಧ ನೆರಳಿನ ನೆಟ್ ಕಟ್ಟಿ. ಹಳೆ ಬಿಳಿ ಪಂಚೆಯಾದರೂ ಸಾಕು.

ಸೊಂಟ ಸಣ್ಣಗಾಗಿದೆ

ಕಂಬ ದಪ್ಪಗೆ ಬಂದು, ನಡುವೆ ಸಣ್ಣಗಾಗಿ, ಮತ್ತೆ ದಪ್ಪವಾಗಿದೆಯೇ? ಆ ಸಣ್ಣ ಭಾಗ ಒಂದು ಮಳೆಗಾಲದ ಗುರುತು. ಬೆಳಕಿಲ್ಲದಾಗ ನೀರು, ಗೊಬ್ಬರ ಸಿಕ್ಕರೆ ಕಳ್ಳಿ ಉದ್ದಕ್ಕೆ ಓಡುತ್ತದೆ. ಬಣ್ಣ ತಿಳಿ, ಮುಳ್ಳು ಚಿಕ್ಕದು ಮತ್ತು ದೂರದೂರ. ಹಳೆಯ ಗಿಡದಲ್ಲಿ ಎಷ್ಟು ಸೊಂಟ ಇವೆ ಅಂತ ಎಣಿಸಿದರೆ ಅದು ಎಷ್ಟು ಮಳೆಗಾಲ ಕತ್ತಲಲ್ಲಿ ಕಳೆಯಿತು ಅಂತ ಅಂದಾಜು ಸಿಗುತ್ತದೆ.

ಸಣ್ಣಗಾದ ಭಾಗ ಆಮೇಲೆ ಅಷ್ಟಾಗಿ ದಪ್ಪವಾಗುವುದಿಲ್ಲ. ಅದರ ಮೇಲಿನ ಭಾರ ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಗಾಳಿಗೆ ಮುರಿಯುವುದು ಇಲ್ಲೇ. ಮೇಲಿನ ಭಾಗ ಇನ್ನೂ ಮೊಣಕೈ ಉದ್ದ ಇದ್ದರೆ ಬಿದಿರಿನ ಕೋಲು ಕಟ್ಟಿ ಸುಧಾರಿಸಬಹುದು. ಅದಕ್ಕಿಂತ ಉದ್ದವಾಗಿದ್ದರೆ ಫೆಬ್ರವರಿಯಲ್ಲಿ ಸೊಂಟದ ಕೆಳಗೆ ಕತ್ತರಿಸಿ ಬೇರೆ ನೆಡುವುದೇ ವಾಸಿ. ಒಣ ಹವೆ, ಗಾಯ ಬೇಗ ಆರುತ್ತದೆ, ಮಳೆಗೆ ಮುಂಚೆ ಬೇರು ಹಿಡಿಯುತ್ತದೆ. ಬುಡದ ಭಾಗದಿಂದ ಹೊಸ ಕವಲು ಬರುತ್ತವೆ. ಸಂಗ್ರಹ ಮಾಡುವವರಿಗೆ ಇದು ಲಾಭವೇ, ಒಂದು ಹೋಗಿ ಎರಡಾಯ್ತು.

ಮುಂದೆ ಹೀಗಾಗದಿರಲು ಯೂರಿಯಾ, ಕುರಿಗೊಬ್ಬರ, ಹಿಂಡಿ ನೀರು ಏನೇ ಕೊಡುವುದಿದ್ದರೂ ಏಪ್ರಿಲ್ ಒಳಗೆ ನಿಲ್ಲಿಸಿ. ಮಳೆ ಬೀಳದ ಕಡೆಗೆ ಅಂತ ಗಿಡವನ್ನು ಒಳವರಾಂಡಕ್ಕೆ ಸರಿಸಬೇಡಿ. ಒದ್ದೆ ತಪ್ಪಿತು, ಬೆಳಕೂ ತಪ್ಪಿತು. ಇದ್ದ ಕಡೆಯೇ ಮೇಲೆ ಪಾರದರ್ಶಕ ಶೀಟು ಹಾಕಿ, ನಾಲ್ಕೂ ಬದಿ ತೆರೆದಿಡಿ.

ಚುಕ್ಕೆ, ಸೀಳು, ಗಾಯ

ಚುಕ್ಕೆ ಕಂಡರೆ ಅದರ ಸುತ್ತ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ಒಂದು ವಾರ ಬಿಟ್ಟು ನೋಡಿ. ಗೆರೆ ದಾಟದ ಚುಕ್ಕೆ ಹಳೆಯ ಗಾಯ, ಅದರ ಪಾಡಿಗೆ ಬಿಡಿ. ಮೇ ತಿಂಗಳ ಆಲಿಕಲ್ಲು ಬಿದ್ದ ಮೇಲೆ ಒಂದು ಮಗ್ಗುಲಲ್ಲಿ, ಮೇಲ್ಭಾಗದಲ್ಲಿ ಮಾತ್ರ ಗುಂಡಗಿನ ಕಲೆಗಳಾಗುತ್ತವೆ. ನೋಡಲು ಭಯಂಕರ, ಅಪಾಯವಿಲ್ಲ. ಗೆರೆ ದಾಟಿ ಹರಡುತ್ತಿದ್ದರೆ, ನಡುವೆ ಕುಳಿ ಬಿದ್ದು ಕಪ್ಪು ಅಥವಾ ಗುಲಾಬಿ ಪುಡಿ ಕಾಣುತ್ತಿದ್ದರೆ, ಶಿಲೀಂಧ್ರ. ಚಿಕ್ಕದಿದ್ದಾಗಲೇ ಚಮಚದಿಂದ ಪೂರಾ ಕೆರೆದು, ಕಾಪರ್ ಆಕ್ಸಿಕ್ಲೋರೈಡ್ ಪುಡಿ ಹಾಕಿ ಒಣಗಿಸಿ.

ಮಲೆನಾಡಿನವರ ಮನೆಯಲ್ಲಿ ಮೈಲುತುತ್ತು, ಸುಣ್ಣ ಹೇಗೂ ಇರುತ್ತದೆ. ಅಡಿಕೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದೊಂದು ಕಿಲೋ, ಅದನ್ನೇ ಮಳೆ ಶುರುವಾಗುವ ಮುಂಚೆ ಕಂಬಕಳ್ಳಿಗೂ ಹೊಡೆಯಬಹುದು. ನೀಲಿ ಬಣ್ಣದ ಪೈಲೋಸೀರಿಯಸ್‌ಗೆ ಮಾತ್ರ ಬೇಡ. ಅದರ ನೀಲಿ ಬರುವುದು ಮೈಮೇಲಿನ ಮೇಣದಿಂದ. ಬೋರ್ಡೋ ಕಲೆ ಕೂರುತ್ತದೆ, ಬೇವಿನೆಣ್ಣೆ ಮತ್ತು ಸೋಪು ಮೇಣವನ್ನೇ ತೆಗೆದುಬಿಡುತ್ತವೆ.

ಮೊದಲ ಜೋರು ಮಳೆಯ ಮೇಲೆ ಕಾಂಡ ಉದ್ದಕ್ಕೆ ಸೀಳಿದರೆ, ಒಣಗಿದ್ದ ಗಿಡ ಒಮ್ಮೆಲೇ ನೀರು ಕುಡಿದಿದೆ ಅಂತ. ಏನೂ ಮೆತ್ತಬೇಡಿ. ಮಳೆ ತಾಗದಂತೆ ಹತ್ತು ದಿನ ಕಾಪಾಡಿದರೆ ತೊಗಟೆ ಕಟ್ಟಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಬೇಸಿಗೆಯಲ್ಲಿ ಪೂರಾ ಒಣಗಿಸದೆ ಆಗಾಗ ನೀರು ಕೊಡಬೇಕು. ಕಳ್ಳಿಗೆ ಬೇಸಿಗೆಯಲ್ಲಿ ನೀರು ಬೇಡ ಅನ್ನುವುದು ಸುಮ್ನೆ ಮಾತು.

ಹುಳ ಮತ್ತು ಬಸವನಹುಳು

ಸುಳಿಯ ಹತ್ತಿಯ ನಡುವೆ, ಏಣಿನ ಸಂದಿಯಲ್ಲಿ ಬಿಳಿ ಹಿಟ್ಟಿನಂಥದ್ದು ಕಂಡರೆ ಹಿಟ್ಟು ತಿಗಣೆ. ಇರುವೆ ಸಾಲುಗಟ್ಟಿ ಕಂಬ ಹತ್ತುತ್ತಿದ್ದರೆ ಅದೇ ಮೊದಲ ಸುಳಿವು. ಇರುವೆಯನ್ನು ತಡೆಯದೆ ತಿಗಣೆಗೆ ಎಷ್ಟು ಹೊಡೆದರೂ ಮತ್ತೆ ಬರುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದಾಗಿ ಒರೆಸಿ, ಸಂಜೆ ಹೊತ್ತು. ಪಾಪಾಸುಕಳ್ಳಿಯ ಮೇಲಿನ ಬಿಳಿ ಉಣ್ಣೆಯನ್ನು ಹಿಸುಕಿದಾಗ ರಕ್ತದಂಥ ಕೆಂಪು ಬಂದರೆ ಅದು ಬೇರೆ, ಕೋಚಿನೀಲ್ ಹುಳ. ಬಣ್ಣ ತೆಗೆಯುವ ಆಸೆಯಿಂದ 1795ರಲ್ಲಿ ಅದರ ಒಂದು ಜಾತಿಯನ್ನು ಭಾರತಕ್ಕೆ ತಂದರು. ಬಂದದ್ದು ಒಳ್ಳೆ ಬಣ್ಣ ಕೊಡುವ ಜಾತಿಯಲ್ಲ, ಆದರೆ ಕಾಡಾಗಿ ಹಬ್ಬಿದ್ದ ಪಾಪಾಸುಕಳ್ಳಿಯನ್ನು ತಿಂದು ಹಾಕಿತು.

ಬೇಸಿಗೆಯಲ್ಲಿ ಸುಳಿಯ ಸುತ್ತಲಿನ ಎಳೆ ಭಾಗ ತುಕ್ಕು ಹಿಡಿದ ಹಾಗಾದರೆ ಕೆಂಪು ನುಸಿ ಇದೆಯೇ ನೋಡಿ. ಭೂತಗನ್ನಡಿ ಬೇಕು. ಸಣ್ಣ ಬಲೆ ಕಾಣಬಹುದು. ನೀರಿನ ರಭಸಕ್ಕೆ ಅವು ಹೋಗುತ್ತವೆ, ಬೇಸಿಗೆಯಾದ್ದರಿಂದ ಒದ್ದೆಯ ಭಯವೂ ಇಲ್ಲ. ಮಳೆಗಾಲದಲ್ಲಿ ಬೆಳಗಾಗುವಷ್ಟರಲ್ಲಿ ಸುಳಿಯೇ ಮಾಯವಾಗಿದ್ದರೆ ಆಫ್ರಿಕನ್ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೋದರೆ ಸಿಕ್ಕಿಬೀಳುತ್ತದೆ. ಕೈಗವಸು ಹಾಕಿ ಹೆಕ್ಕಿ, ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಗಿಡದ ಬುಡಕ್ಕೆ ಸುರಿಯುವವರಿದ್ದಾರೆ, ಹಾಗೆ ಮಾಡಬೇಡಿ. ಸುಳಿ ಹೋದ ಗಿಡ ಪಕ್ಕದಿಂದ ಕವಲೊಡೆಯುತ್ತದೆ.

ಕರಾವಳಿಯಲ್ಲಿ ಉಣ್ಣೆಕಳ್ಳಿ ಕರಗುತ್ತಿದೆ

ಮಂಗಳೂರು, ಉಡುಪಿ ಕಡೆಯಿಂದ ಹೆಚ್ಚು ಬರುವ ದೂರು ಇದು. ಮೈತುಂಬ ಬಿಳಿ ಕೂದಲಿರುವ ಒರಿಯೋಸೀರಿಯಸ್, ಎಸ್ಪೊಸ್ಟೋವಾ, ಕ್ಲೈಸ್ಟೋಕ್ಯಾಕ್ಟಸ್ ಸ್ಟ್ರಾಸಿ ನೋಡಲು ಚೆಂದ ಅಂತ ತರುತ್ತಾರೆ. ಮಳೆ ತಾಗದಂತೆ ಶೀಟು ಹಾಕಿ, ಮಣ್ಣು ಸರಿ ಮಾಡಿ, ಎಲ್ಲ ಮಾಡಿದ ಮೇಲೂ ಗಿಡ ಸೊರಗುತ್ತದೆ. ಬೆಳೆಯುವುದಿಲ್ಲ, ಕೂದಲಿನಲ್ಲಿ ಕಪ್ಪು ಬೂಷ್ಟು, ಒಂದು ದಿನ ಕುಸಿಯುತ್ತದೆ.

ಕಳ್ಳಿಗಳು ಹಗಲಿನಲ್ಲಿ ಉಸಿರುರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ, ಇಂಗಾಲದ ಡೈಆಕ್ಸೈಡನ್ನು ಆಗಲೇ ಒಳಗೆ ಎಳೆದುಕೊಳ್ಳುತ್ತವೆ. ಅದಕ್ಕೆ ರಾತ್ರಿ ತಂಪಾಗಿರಬೇಕು. ಈ ಕೂದಲಿನ ಜಾತಿಗಳು ಆಂಡಿಸ್ ಬೆಟ್ಟದವು, ಅಲ್ಲಿ ಹಗಲು ಎಷ್ಟೇ ಸುಟ್ಟರೂ ರಾತ್ರಿ ಚಳಿ. ಕರಾವಳಿಯ ಸೆಕೆ ಅವಕ್ಕೆ ಆಗುವುದಿಲ್ಲ. ರಾತ್ರಿಯ ಸೆಕೆ ಮರುಭೂಮಿಯ ಕಳ್ಳಿಯನ್ನೂ ಕೊಲ್ಲಬಲ್ಲದು. 2023ರ ಬೇಸಿಗೆಯಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಸತತ 31 ದಿನ ಹಗಲಿನ ತಾಪ 43 ಡಿಗ್ರಿ ಮುಟ್ಟಿತ್ತು, ರಾತ್ರಿಯೂ ತಣಿಯಲಿಲ್ಲ. ಆಗ ಸಗ್ವಾರೋಗಳೇ ಕೈ ಉದುರಿಸಿಕೊಂಡು ಬಿದ್ದವು.

ಇದಕ್ಕೆ ಔಷಧಿ ಇಲ್ಲ, ಜಾತಿ ಬದಲಿಸಬೇಕು. ಕರಾವಳಿಗೆ ಬ್ರೆಜಿಲ್ ಕಡೆಯ ಪೈಲೋಸೀರಿಯಸ್, ಸೀರಿಯಸ್ ಸರಿ. ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನ ಒಣ ಮಗ್ಗುಲಿನವರು ಕ್ಲೈಸ್ಟೋಕ್ಯಾಕ್ಟಸ್ ಪ್ರಯತ್ನಿಸಬಹುದು, ಮೇಲೆ ಶೀಟು ಇರಲಿ. ಮೆಕ್ಸಿಕೋದ ಮಿರ್ಟಿಲೋಕ್ಯಾಕ್ಟಸ್, ಅಲ್ಲಿ ಬೇಲಿಗೆ ಬಳಸುವ ಪ್ಯಾಕಿಸೀರಿಯಸ್ ಮಾರ್ಜಿನೇಟಸ್ ಒಳನಾಡಿನಲ್ಲಿ ಗಟ್ಟಿ.

ಚಳಿಯ ಊರಲ್ಲಿರುವ ನಮ್ಮವರಿಗೆ

ಟೆಕ್ಸಾಸಿನ ಡಾಲಸ್‌ನಲ್ಲಿ 2021ರ ಫೆಬ್ರವರಿ 16ರಂದು ತಾಪಮಾನ ಮೈನಸ್ 19ಕ್ಕೆ ಇಳಿದಿತ್ತು. ಅಂಥ ದಿನ ಹೊರಗಿದ್ದ ಹೆಚ್ಚಿನ ಕಂಬಕಳ್ಳಿಗೆ ಉಳಿಗಾಲವಿಲ್ಲ. ಸಾಮಾನ್ಯ ಚಳಿಯಲ್ಲಿ ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಎಷ್ಟು ಹೊತ್ತು ಅನ್ನುವುದನ್ನು ನೋಡಿ. ಸಗ್ವಾರೋ ಉತ್ತರಕ್ಕೆ ಎಲ್ಲಿಯವರೆಗೆ ಬೆಳೆಯುತ್ತದೆ ಅನ್ನುವುದು, ಹಿಮಗಟ್ಟುವ ಚಳಿ ಬಿಡದೆ ಎಷ್ಟು ಗಂಟೆ ಇರುತ್ತದೆ ಅನ್ನುವುದರ ಮೇಲೆ ನಿಂತಿದೆ ಅಂತ ಟೂಸಾನ್‌ನ ಸಸ್ಯವಿಜ್ಞಾನಿ ಫಾರೆಸ್ಟ್ ಶ್ರೀವ್ 1911ರಲ್ಲೇ ತೋರಿಸಿದ್ದರು. ಹಗಲು ಕರಗುವ ಚಳಿಯನ್ನು ಗಿಡ ತಡೆಯುತ್ತದೆ, ಹಗಲೂ ಬಿಡದ ಚಳಿ ಕೊಲ್ಲುತ್ತದೆ. ಸುಳಿಗೆ ಥರ್ಮೋಕೋಲ್ ಲೋಟ ಕವುಚಿ ಹಾಕುವುದು ಅಲ್ಲಿನ ರೂಢಿ, ಕೆಲಸಕ್ಕೆ ಬರುತ್ತದೆ. ಸುಳಿ ಗಾಜಿನ ಹಾಗೆ ಪಾರದರ್ಶಕವಾಗಿ ಕಪ್ಪಾದರೆ ಕೂಡಲೇ ಕತ್ತರಿಸಬೇಡಿ. ಸತ್ತ ಭಾಗ ಎಲ್ಲಿ ಮುಗಿಯುತ್ತದೆ ಅಂತ ಸ್ಪಷ್ಟವಾಗಲು ಕೆಲವು ವಾರ ಬೇಕು. ಕೆಳಗೆ ಹರಡುವ ಮೆತ್ತಗಿನ ಕೊಳೆಯಾದರೆ ಮಾತ್ರ ಕಾಯಬೇಡಿ.

ಏನೂ ಆಗದೆ ನಿಂತಿರುವ ಗಿಡ

ಕೊಳೆತಿಲ್ಲ, ಹುಳ ಇಲ್ಲ, ಆದರೆ ವರ್ಷವಾದರೂ ಬೆರಳಿನಷ್ಟೂ ಬೆಳೆದಿಲ್ಲ. ಸಗ್ವಾರೋ ಆದರೆ ಅದು ಹಾಗೇ. ಮೊದಲ ಹತ್ತು ವರ್ಷಕ್ಕೆ ಬೆರಳುದ್ದ ಬೆಳೆದರೆ ದೊಡ್ಡದು. ಬೇರೆ ಜಾತಿಯಾದರೆ ಕುಂಡ ಹಿಡಿದು ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ. ಸಡಿಲವಾಗಿ ತಿರುಗಿದರೆ ಬೇರಿಲ್ಲ. ಕಿತ್ತು ನೋಡಿ. ಬೇರಿನ ಮೇಲೆ ಬಿಳಿ ಹಿಟ್ಟು ಇದ್ದರೆ ಬೇರಿನ ತಿಗಣೆ. ಬೇರನ್ನೆಲ್ಲ ತೊಳೆದು, ಒಣಗಿಸಿ, ಹೊಸ ಮಣ್ಣಿಗೆ ಹಾಕಿ. ಬುಡದಲ್ಲಿ ಮೂರು ಮೂಲೆಯ ಹಸಿರು ಕಾಂಡ ಸಿಕ್ಕರೆ ಅದು ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡದ ಮೇಲೆ ಕಟ್ಟಿದ ಕಸಿ. ಕೆಲವು ವರ್ಷಕ್ಕೆ ಮೇಲಿನ ಭಾರ ತಡೆಯದೆ ಬೀಳುತ್ತದೆ. ಕಸಿಯ ಮೇಲ್ಭಾಗವನ್ನು ಬೇಸಿಗೆಯಲ್ಲಿ ಬಿಡಿಸಿ ಸ್ವಂತ ಬೇರು ಬರಿಸಬೇಕು.

ಬೇರು ಸರಿಯಿದ್ದು ಹೊಸ ಭಾಗ ಹಳದಿಯಾಗಿದ್ದರೆ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ, ಬೋರ್‌ವೆಲ್ ನೀರಿನ ತಪ್ಪು. ಗಡಸು ನೀರು ವರ್ಷಗಟ್ಟಲೆ ಹೋದರೆ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಮಳೆನೀರು ಹಿಡಿದಿಟ್ಟು ಬೇಸಿಗೆಗೆ ಬಳಸಿ.

ಹೊಸ ಗಿಡ ಕೊಳ್ಳುವ ತಿಂಗಳೂ ಮುಖ್ಯ. ಪಶ್ಚಿಮ ಬಂಗಾಳದ ಕಾಲಿಂಪಾಂಗ್ ಕಡೆಯಿಂದ ಪಾರ್ಸೆಲ್‌ನಲ್ಲಿ ಬರುವ ಗಿಡಗಳು ಬೇರು ಬೋಳಾಗಿ ಬರುತ್ತವೆ. ಜೂನ್‌ನಲ್ಲಿ ತರಿಸಿದರೆ ಬೇರು ಹಿಡಿಯುವ ಮುಂಚೆ ಮಳೆ ಹಿಡಿಯುತ್ತದೆ. ಡಿಸೆಂಬರ್, ಜನವರಿಗೆ ತರಿಸಿ. ಹೊರದೇಶದಿಂದ ತರಿಸುವ ಯೋಚನೆ ಇದ್ದರೆ, ಬಹುತೇಕ ಎಲ್ಲ ಕಳ್ಳಿಗಳೂ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಪಟ್ಟಿಯಲ್ಲಿವೆ. ಪರವಾನಗಿ, ಗಿಡದ ಆರೋಗ್ಯ ಪ್ರಮಾಣಪತ್ರ ಎರಡೂ ಇಲ್ಲದ ಪಾರ್ಸೆಲ್ ಕಸ್ಟಮ್ಸ್‌ನಲ್ಲೇ ಉಳಿಯುತ್ತದೆ. ಸೀರಿಯಸ್ ಬೇಕಿದ್ದರೆ ಬೀದಿಯಲ್ಲೇ ಯಾರದ್ದಾದರೂ ಕಾಂಪೌಂಡಿನಲ್ಲಿ ಇರುತ್ತದೆ. ಫೆಬ್ರವರಿಯಲ್ಲಿ ಹೋಗಿ ಒಂದು ತುಂಡು ಕೇಳಿ, ಎರಡು ಕೊಡುತ್ತಾರೆ.